ಇಂಚು ಟೇಪು, ತೂಕದ ಯಂತ್ರ, ಸೆಕ್ಷನ್ 25

ನನ್ನ ಕೋರ್ಟ್ ಬ್ಯಾಗಿನಲ್ಲಿ ಕಪ್ಪು ಕೋಟು, ಬ್ಯಾಂಡು, ಕೇಸ್ ಫೈಲುಗಳ ಜೊತೆ ಒಂದು ಟೇಪೂ ಇರುತ್ತದೆ. ದರ್ಜಿಗಳ ಟೇಪಲ್ಲ, ಗಾರೆ ಕೆಲಸದವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಐದು ಮೀಟರಿನ ಸ್ಟೀಲ್ ಟೇಪು. ಹೊಸದಾಗಿ ಸೇರಿದ ಜೂನಿಯರ್‌ಗಳು ನೋಡಿ ನಗುತ್ತಾರೆ. ಆಸ್ಪತ್ರೆಯ ರ‍್ಯಾಂಪ್ ಅಳೆಯೋಕೆ ಅಂದರೆ ಇನ್ನೂ ಜೋರಾಗಿ ನಗುತ್ತಾರೆ.

ಲೆಕ್ಕ ಸುಲಭ. ಒಂದು ಅಡಿ ಎತ್ತರ ಏರಬೇಕಾದರೆ ರ‍್ಯಾಂಪ್ ಹನ್ನೆರಡು ಅಡಿಯಾದರೂ ಉದ್ದ ಇರಬೇಕು. ಬಾಗಿಲು ತೆರೆದಾಗ 900 ಮಿಲಿಮೀಟರ್ ಜಾಗ ಸಿಗಬೇಕು. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಹೇಳುವುದು ಇದನ್ನೇ. ಆದರೆ ಮೂರು ಮೆಟ್ಟಿಲಿನ ಎತ್ತರಕ್ಕೆ ನಾಲ್ಕಡಿ ಸಿಮೆಂಟ್ ಸುರಿದು "ರ‍್ಯಾಂಪ್ ಇದೆಯಲ್ಲ ಮೇಡಂ" ಅನ್ನುವ ಕಟ್ಟಡಗಳಿಗೆ ಬರವಿಲ್ಲ. ಅದು ರ‍್ಯಾಂಪ್ ಅಲ್ಲ, ಜಾರುಬಂಡೆ. ಹಾಗಂತ ಬಾಯಲ್ಲಿ ಹೇಳಿದರೆ ಜಗಳ ಆಗುತ್ತದೆ. ಅಳೆದು ಬರೆದರೆ ಅದೇ ಸಾಕ್ಷಿ.

ಅಂಗವೈಕಲ್ಯ ಇರುವವರಿಗೆ ಆಸ್ಪತ್ರೆ, ಔಷಧಿ, ವಿಮೆ ಸರಿಯಾಗಿ ಸಿಗಲಿ ಅಂತ ವಕೀಲಿಕೆ ಮಾಡುವುದು ಅಂದರೆ ಏನು ಕೆಲಸ ಅಂತ ಲಾ ಓದುವ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ. ಅವರ ಮನಸ್ಸಿನಲ್ಲಿ ಹೈಕೋರ್ಟಿನ ದೊಡ್ಡ ವಾದ, ಪೇಪರಿನಲ್ಲಿ ಫೋಟೊ ಇರುತ್ತದೆ. ಅದೂ ಉಂಟು, ಅಪರೂಪಕ್ಕೆ. ಉಳಿದದ್ದೆಲ್ಲ ಅಳೆಯುವುದು, ಕಾಗದ ಬರೆಯುವುದು, ಒಂದೊಂದು ಪದವನ್ನು ಹಿಡಿದು ಎಳೆಯುವುದು.

ಒಬ್ಬರ ವಿಷಯ ಹೇಳುತ್ತೇನೆ. ಸೊಂಟದ ಕೆಳಗೆ ಸ್ವಾಧೀನ ಇಲ್ಲದೆ ಎಂಟು ವರ್ಷದಿಂದ ಗಾಲಿಕುರ್ಚಿ ಬಳಸುತ್ತಿದ್ದ ಮಹಿಳೆ ನಮ್ಮ ಆಫೀಸಿಗೆ ಬಂದಿದ್ದರು. ಬಂದದ್ದು ಪಿಂಚಣಿ ವಿಷಯಕ್ಕೆ. ಫೈಲು ತಿರುವಿ ಹಾಕುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಎಂಟು ವರ್ಷದ ಎಲ್ಲ ಆಸ್ಪತ್ರೆ ಚೀಟಿಗಳಲ್ಲೂ ಅವರ ತೂಕ 60 ಕೆಜಿ. ಒಂದು ಗ್ರಾಂ ಹೆಚ್ಚಿಲ್ಲ, ಕಮ್ಮಿ ಇಲ್ಲ. "ತೂಕ ನೋಡೇ ಇಲ್ಲ ಮೇಡಂ" ಅಂದರು. "ಕೇಳಿದ್ರೆ, ನಿಂತ್ಕೊಳ್ಳೋಕೆ ಆಗಲ್ವಲ್ಲಮ್ಮ, ಅಂದಾಜು ಬರ್ಕೋತೀವಿ ಅಂತಾರೆ."

ಸಣ್ಣ ವಿಷಯ ಅನಿಸಬಹುದು. ಆದರೆ ಎಷ್ಟೋ ಔಷಧಿಗಳ ಪ್ರಮಾಣ, ಅರಿವಳಿಕೆಯ ಪ್ರಮಾಣ ನಿರ್ಧಾರ ಆಗುವುದು ತೂಕದ ಮೇಲೆ. ನಮ್ಮ ಯಾವ ಎಪಿಎಂಸಿ ಯಾರ್ಡಿಗೆ ಹೋದರೂ ಈರುಳ್ಳಿ ಮೂಟೆ ತೂಗುವ ಚಪ್ಪಟೆ ಯಂತ್ರ ಇರುತ್ತದೆ. ಅಂಥದ್ದೇ ಒಂದರ ಮೇಲೆ ಗಾಲಿಕುರ್ಚಿ ಸಮೇತ ಹತ್ತಿಸಿ, ಆಮೇಲೆ ಕುರ್ಚಿಯ ತೂಕ ಕಳೆದರೆ ಮುಗೀತು. ಈರುಳ್ಳಿಗೆ ಇರುವ ಅನುಕೂಲ ಮನುಷ್ಯರಿಗೆ ಇರಲಿಲ್ಲ, ಅಷ್ಟೇ.

ಇಲ್ಲಿ ಕಾನೂನು ಏನು ಹೇಳುತ್ತದೆ? ಮೊದಲು 1995ರ ಕಾಯ್ದೆ ಇತ್ತು. ಅದರಲ್ಲಿ ಏಳು ಬಗೆಯ ಅಂಗವೈಕಲ್ಯಕ್ಕೆ ಮಾತ್ರ ಜಾಗ. 2007ರಲ್ಲಿ ಭಾರತ, ಅಂಗವೈಕಲ್ಯ ಇರುವವರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ ಮಾಡಿದ ಒಡಂಬಡಿಕೆಯನ್ನು ಒಪ್ಪಿತು. ಅದರಂತೆ ನಡೆಯಲು 2016ರಲ್ಲಿ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂತು, 2017ರ ಏಪ್ರಿಲ್ 19ರಿಂದ ಜಾರಿ. ಏಳು ಇದ್ದದ್ದು 21 ಆಯಿತು. ಆಸಿಡ್ ದಾಳಿಗೆ ತುತ್ತಾದವರು, ಪಾರ್ಕಿನ್ಸನ್ ಇರುವವರು, ಥಲಸ್ಸೀಮಿಯಾ, ಹಿಮೋಫಿಲಿಯಾ, ಕುಡಗೋಲು ಕಣ ರಕ್ತಹೀನತೆ ಇರುವವರು ಎಲ್ಲರೂ ಒಳಗೆ ಬಂದರು. ಹಿಮೋಫಿಲಿಯಾ ಇರುವ ಹುಡುಗನ ತಂದೆಗೆ ತನ್ನ ಮಗ ಈ ಕಾಯ್ದೆಯಡಿ ಬರುತ್ತಾನೆ ಅನ್ನುವುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಕುಂಟು, ಕುರುಡು ಮಾತ್ರ ಅಂಗವೈಕಲ್ಯ ಅಂತ ತಿಳಿದುಕೊಂಡಿರುತ್ತಾರೆ. ಅದನ್ನು ತಿಳಿಸಿ ಹೇಳುವುದೂ ನಮ್ಮ ಕೆಲಸವೇ.

(ಪದದ ಬಗ್ಗೆ ಒಂದು ಮಾತು. ಇಲಾಖೆಯ ಹೆಸರಲ್ಲೇ 'ವಿಕಲಚೇತನ' ಇರುವುದರಿಂದ ಕಾಗದಪತ್ರದಲ್ಲಿ ಅದನ್ನೇ ಬರೆಯುತ್ತೇವೆ. "ನಮ್ಮ ಅಂಗ ವಿಕಲ ಇರಬಹುದು, ಚೇತನ ಯಾಕೆ ವಿಕಲ?" ಅಂತ ಕೇಳುವವರೂ ಇದ್ದಾರೆ. ನ್ಯಾಯವಾದ ಪ್ರಶ್ನೆ. ನಾನು ಕಕ್ಷಿದಾರರನ್ನೇ ಕೇಳಿ ಅವರು ಹೇಳಿದ ಪದ ಬಳಸುತ್ತೇನೆ.)

ಈ ಕಾಯ್ದೆಯ ಸೆಕ್ಷನ್ 25 ಆರೋಗ್ಯದ ಬಗ್ಗೆಯೇ ಇದೆ. ಕುಟುಂಬದ ಆದಾಯಕ್ಕೆ ಒಳಪಟ್ಟು ಹತ್ತಿರದಲ್ಲೇ, ಅದರಲ್ಲೂ ಹಳ್ಳಿಗಳಲ್ಲಿ, ಉಚಿತ ಚಿಕಿತ್ಸೆ ಕೊಡಬೇಕು. ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕು. ಮೂರನೆಯದು ನನಗೆ ಬಹಳ ಮುಖ್ಯ: ಆಸ್ಪತ್ರೆಯ ಎಲ್ಲ ಭಾಗಗಳಿಗೂ ಅಡೆತಡೆ ಇಲ್ಲದೆ ಹೋಗುವಂತಿರಬೇಕು, ಸರ್ಕಾರಿ ಆಸ್ಪತ್ರೆ ಆಗಲಿ, ಖಾಸಗಿ ಆಗಲಿ. 'ಎಲ್ಲ ಭಾಗ' ಅಂದರೆ ಬರೀ ಮುಂಬಾಗಿಲಲ್ಲ. ಸ್ಕ್ಯಾನಿಂಗ್ ರೂಮು, ಶೌಚಾಲಯ, ಔಷಧಿ ಕೌಂಟರ್ ಎಲ್ಲವೂ. ತೂಕದ ಯಂತ್ರದ ಹೆಸರು ಕಾಯ್ದೆಯಲ್ಲಿ ಇಲ್ಲ ನಿಜ. ಅದಕ್ಕೆ ಇನ್ನೊಂದು ದಾರಿ ಇದೆ.

ಆ ದಾರಿಗೆ ಕಾನೂನಿನ ಭಾಷೆಯಲ್ಲಿ ಉದ್ದದ ಹೆಸರಿದೆ. ನಾನು ಸುಮ್ನೆ 'ತಕ್ಕ ಅನುಕೂಲ' ಅನ್ನುತ್ತೇನೆ. ಎಲ್ಲರಿಗೂ ಒಂದೇ ರೀತಿ ನಡೆಸಿಕೊಂಡರೆ ಕೆಲವರಿಗೆ ಏನೂ ಸಿಗುವುದಿಲ್ಲ. ಕಿವಿ ಕೇಳದವರಿಗೂ ಉಳಿದವರಂತೆಯೇ ಟೋಕನ್ ಕೊಟ್ಟು ಹೆಸರು ಕೂಗಿದರೆ ಅವರು ಸಂಜೆವರೆಗೆ ಬೆಂಚಿನ ಮೇಲೆ ಕೂತಿರುತ್ತಾರೆ. ಕೂಗುವ ಬದಲು ನಂಬರ್ ತೋರಿಸುವ ಬೋರ್ಡ್ ಇಟ್ಟರೆ ಅದೇ ತಕ್ಕ ಅನುಕೂಲ. ಆಸ್ಪತ್ರೆಗೆ ಹೊರಲಾರದ ಹೊರೆ ಆಗಬಾರದು ಅಂತ ಒಂದು ಮಿತಿಯೂ ಇದೆ. ಆ ಮಿತಿಯೊಳಗೆ ಬರುವುದನ್ನೂ ಕೊಡದಿದ್ದರೆ ಅದು ಅಸಡ್ಡೆ ಮಾತ್ರವಲ್ಲ, ತಾರತಮ್ಯ. 2016ರ ಕಾಯ್ದೆಯ ವ್ಯಾಖ್ಯೆಯಲ್ಲೇ ಹಾಗಿದೆ. ವಿಕಾಶ್ ಕುಮಾರ್ ಎಂಬ ಅಭ್ಯರ್ಥಿ ಯುಪಿಎಸ್‌ಸಿ ವಿರುದ್ಧ ಹಾಕಿದ್ದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಇದನ್ನೇ ಬಿಡಿಸಿ ಹೇಳಿತು. ಅದು ಪರೀಕ್ಷೆಯಲ್ಲಿ ಬರೆಯಲು ಸಹಾಯಕ ಬೇಕು ಅಂತ ಹಾಕಿದ್ದ ಕೇಸು. ಆಸ್ಪತ್ರೆಗೂ ಅದಕ್ಕೂ ಏನು ಸಂಬಂಧ ಅನ್ನಬೇಡಿ. ಈ ಕ್ಷೇತ್ರದಲ್ಲಿ ಪರೀಕ್ಷೆಯ ತೀರ್ಪನ್ನು ಆಸ್ಪತ್ರೆಗೆ, ಬ್ಯಾಂಕಿನ ತೀರ್ಪನ್ನು ವಿಮೆಗೆ ತಂದು ಹೊಂದಿಸುವುದೇ ಅರ್ಧ ಕಸುಬು.

ಇನ್ನರ್ಧ ಕಸುಬು ಏನು ಅಂತ ತಿಳಿಯಬೇಕಾದರೆ 2009ರ ಚಂಡೀಗಢದ ಪ್ರಕರಣ ನೋಡಬೇಕು. ಕಾನೂನು ಪುಸ್ತಕಗಳಲ್ಲಿ ಇದರ ಹೆಸರು ಸುಚಿತಾ ಶ್ರೀವಾಸ್ತವ ವಿರುದ್ಧ ಚಂಡೀಗಢ ಆಡಳಿತ.

ಅಲ್ಲಿನ ಒಂದು ಸರ್ಕಾರಿ ಆಶ್ರಯಧಾಮದಲ್ಲಿ ಇದ್ದ ಅನಾಥ ಯುವತಿ. ಸ್ವಲ್ಪ ಬುದ್ಧಿಮಾಂದ್ಯತೆ ಇತ್ತು. ಆಶ್ರಯ ಕೊಟ್ಟ ಜಾಗದಲ್ಲೇ ಆಕೆಯ ಮೇಲೆ ಅತ್ಯಾಚಾರ ನಡೆದು ಗರ್ಭಿಣಿ ಆದಳು. ಗರ್ಭಪಾತ ಮಾಡಿಸಲು ಅನುಮತಿ ಕೊಡಿ ಅಂತ ಆಡಳಿತವೇ ಹೈಕೋರ್ಟಿಗೆ ಹೋಯಿತು. ಕೋರ್ಟ್ ತಜ್ಞರ ಸಮಿತಿ ಮಾಡಿತು. ಆಕೆಯ ದೇಹ ಹೆರಿಗೆಗೆ ಸಮರ್ಥವಾಗಿದೆ, ಮಗು ಬೇಕು ಅನ್ನುವ ಆಸೆ ಆಕೆಗಿದೆ ಅಂತ ಸಮಿತಿ ವರದಿ ಕೊಟ್ಟಿತು. ಆದರೂ ಹೈಕೋರ್ಟ್ ಗರ್ಭಪಾತಕ್ಕೇ ಆದೇಶ ಮಾಡಿತು. ಆಗಿನ ಕಾನೂನಿನಲ್ಲಿ ಮಿತಿ 20 ವಾರ. ಸುಪ್ರೀಂ ಕೋರ್ಟಿಗೆ ಬರುವ ಹೊತ್ತಿಗೆ 19 ವಾರ ದಾಟಿತ್ತು. ಅಂದರೆ ವಕೀಲರ ಕೈಯಲ್ಲಿ ಇದ್ದದ್ದು ಕೆಲವೇ ದಿನ.

ಇಡೀ ಕೇಸು ನಿಂತದ್ದು ಒಂದು ಪದದ ಮೇಲೆ. ಗರ್ಭಪಾತದ ಕಾಯ್ದೆ ಪ್ರಕಾರ ಪೋಷಕರು ಹೆಣ್ಣಿನ ಪರವಾಗಿ ಒಪ್ಪಿಗೆ ಕೊಡಬಹುದಾದದ್ದು ಎರಡೇ ಸಂದರ್ಭದಲ್ಲಿ. ಆಕೆಗೆ 18 ತುಂಬಿರಬಾರದು, ಇಲ್ಲವೇ ಆಕೆ 'ಮಾನಸಿಕ ಕಾಯಿಲೆ' ಇರುವವಳಾಗಿರಬೇಕು. ಬುದ್ಧಿಮಾಂದ್ಯತೆ ಬೇರೆ, ಮಾನಸಿಕ ಕಾಯಿಲೆ ಬೇರೆ ಅಂತ ಕಾಯ್ದೆಯ ವ್ಯಾಖ್ಯೆಯೇ ಹೇಳುತ್ತದೆ. 2002ರ ತಿದ್ದುಪಡಿ ಈ ಗೆರೆ ಎಳೆದಿತ್ತು. ಈ ಯುವತಿ ವಯಸ್ಕಳು, ಮಾನಸಿಕ ಕಾಯಿಲೆಯೂ ಇಲ್ಲ. ಹಾಗಾದರೆ ಆಕೆಯ ಒಪ್ಪಿಗೆ ಬಿಟ್ಟು ಬೇರೆ ಯಾರ ಒಪ್ಪಿಗೆಗೂ ಬೆಲೆಯಿಲ್ಲ. ಜುಲೈ 21ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶ ತಡೆಯಿತು. ಆಗಸ್ಟ್ 28ರಂದು ಕಾರಣಗಳನ್ನು ವಿವರವಾಗಿ ಬರೆಯಿತು: ಮಗು ಬೇಕೋ ಬೇಡವೋ ಅನ್ನುವ ಆಯ್ಕೆ ಸಂವಿಧಾನದ 21ನೇ ವಿಧಿ ಕೊಡುವ ಸ್ವಾತಂತ್ರ್ಯದ ಭಾಗ, ಬುದ್ಧಿಮಾಂದ್ಯತೆ ಇದೆ ಅಂತ ಅದನ್ನು ಕಿತ್ತುಕೊಳ್ಳುವಂತಿಲ್ಲ.

ಈ ತೀರ್ಪಿನ ಬಗ್ಗೆ ಇವತ್ತಿಗೂ ಚರ್ಚೆ ಇದೆ. ಆಕೆಗೆ ಮಗು ಸಾಕಲು ಯಾರು ನೆರವಾಗುತ್ತಾರೆ ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೆ ಉತ್ತರ ನೆರವು ಕೊಡುವುದು, ಒಪ್ಪಿಗೆ ಇಲ್ಲದೆ ಆಪರೇಷನ್ ಮಾಡುವುದಲ್ಲ. ಆಕೆಯ ಸುತ್ತ ಅಧಿಕಾರಿಗಳು, ವೈದ್ಯರು, ನ್ಯಾಯಾಧೀಶರು, ವಕೀಲರು ಎಲ್ಲರೂ ಆಕೆಯ ಒಳ್ಳೆಯದಕ್ಕೆ ಅಂತಲೇ ಮಾತಾಡುತ್ತಿದ್ದರು. ಆಕೆಯನ್ನೇ ಕೇಳಿ ಅಂತ ಹೇಳಲು ವಕೀಲರು ಸುಪ್ರೀಂ ಕೋರ್ಟ್‌ವರೆಗೆ ಓಡಬೇಕಾಯಿತು. ಆ ಇನ್ನರ್ಧ ಕಸುಬು ಇದೇ.

ಇದಕ್ಕೂ ಹಿಂದೆ, 1994ರಲ್ಲಿ, ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಶಿರೂರಿನ ಸರ್ಕಾರಿ ಧಾಮದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶ ತೆಗೆಸಲಾಗಿತ್ತು. ಮುಟ್ಟಿನ ದಿನಗಳಲ್ಲಿ ಶುಚಿ ನೋಡಿಕೊಳ್ಳುವುದು ಕಷ್ಟ ಅನ್ನುವುದು ಕೊಟ್ಟ ಕಾರಣ. ಕಷ್ಟ ಯಾರಿಗೆ ಅಂತ ಓದುಗರೇ ಯೋಚಿಸಲಿ. ಈಗಿನ ಕಾಯ್ದೆಯ ಸೆಕ್ಷನ್ 10 ಪ್ರಕಾರ ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಗೂ ಆ ವ್ಯಕ್ತಿ ತಿಳಿದು, ಒತ್ತಾಯವಿಲ್ಲದೆ ಒಪ್ಪಬೇಕು. ಅಂಗವೈಕಲ್ಯ ಇರುವ ಹೆಣ್ಣಿಗೆ ಆಕೆಯ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿಸಿದರೆ ಸೆಕ್ಷನ್ 92ರಲ್ಲಿ ಆರು ತಿಂಗಳಿಂದ ಐದು ವರ್ಷ ಜೈಲು. ಆದರೆ ಅಲ್ಲೇ ಒಂದು ಕಿಂಡಿ ಬಿಟ್ಟಿದ್ದಾರೆ: 'ತೀವ್ರ' ಅಂಗವೈಕಲ್ಯ ಇದ್ದರೆ ವೈದ್ಯರ ಅಭಿಪ್ರಾಯ, ಪೋಷಕರ ಒಪ್ಪಿಗೆ ಸಾಕು. ತೀವ್ರ ಅಂದರೆ ಎಷ್ಟು, ಯಾರು ತೀರ್ಮಾನ ಮಾಡುವವರು? ನನಗೆ ಈ ಕಿಂಡಿ ಒಂಚೂರೂ ಇಷ್ಟವಿಲ್ಲ. ಮುಂದಿನ ಪೀಳಿಗೆಯ ವಕೀಲರು ಇದನ್ನು ಮುಚ್ಚಿಸಬೇಕು.

ಮಾನಸಿಕ ಆರೋಗ್ಯದ ಕಡೆ ಕಾನೂನು ಇನ್ನೂ ಸ್ಪಷ್ಟವಾಗಿದೆ. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ದರ್ಗಾದ ಸುತ್ತ ಇದ್ದ ಒಂದು ಖಾಸಗಿ ಆಶ್ರಯಕ್ಕೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು, ಓಡಲು ಆಗಲಿಲ್ಲ. 28 ಜನ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ಕೇಸು ಎತ್ತಿಕೊಂಡಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಸೆಕ್ಷನ್ 95ರಲ್ಲಿ ಯಾವ ರೀತಿಯಲ್ಲೂ ಸರಪಳಿ ಹಾಕಬಾರದು ಅಂತ ಬರೆದಿರುವುದನ್ನು ಓದುವಾಗ ನನಗೆ ಎರ್ವಾಡಿಯೇ ನೆನಪಾಗುತ್ತದೆ.

ಇದೇ ಕಾಯ್ದೆಯಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಅನುಕೂಲ ಇದೆ. ಮನಸ್ಸು ಸ್ಥಿಮಿತದಲ್ಲಿ ಇರುವಾಗಲೇ, ಮುಂದೆ ಕಾಯಿಲೆ ಹೆಚ್ಚಾದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಬರೆದಿಡಬಹುದು. ತನ್ನ ಪರವಾಗಿ ಮಾತಾಡುವವರು ಯಾರು ಅಂತಲೂ ಹೆಸರಿಸಬಹುದು. ಆ ಪತ್ರ ಬರೆಯಲು ನೆರವಾಗುವುದು ನನಗೆ ಅಚ್ಚುಮೆಚ್ಚಿನ ಕೆಲಸ. ಇಲ್ಲಿ ಎದುರಾಳಿ ಇಲ್ಲ, ತಾರೀಖು ಇಲ್ಲ. ಒಬ್ಬರು ಕೂತು ತಮ್ಮ ಬಗ್ಗೆ ತಾವೇ ತೀರ್ಮಾನ ಮಾಡುತ್ತಾರೆ, ನಾವು ಬರೆದುಕೊಳ್ಳುತ್ತೇವೆ.

ವಿಮೆಯ ವಿಷಯಕ್ಕೆ ಬಂದರೆ ಜಗಳ ಶುರು. ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೆಯೇ ವಿಮೆ ಕೊಡಬೇಕು ಅಂತ 2017ರ ಕಾಯ್ದೆಯ ಸೆಕ್ಷನ್ 21 ಹೇಳುತ್ತದೆ. ಆದರೂ ಪಾಲಿಸಿಯ ಸಣ್ಣ ಅಕ್ಷರದ ಹಿಂದೆ ಕಂಪನಿಗಳು ಅಡಗುತ್ತಿದ್ದವು. ದೆಹಲಿ ಹೈಕೋರ್ಟ್ 2021ರಲ್ಲಿ ಒಬ್ಬ ಮಹಿಳೆಯ ಕೇಸಿನಲ್ಲಿ ಅದನ್ನು ಒಪ್ಪಲಿಲ್ಲ. ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಬಳಸುವ ಇನ್ನೊಬ್ಬರಿಗೆ ಪಾಲಿಸಿಯನ್ನೇ ಕೊಡದೆ ಕಳಿಸಿದ್ದರು. ಅವರ ಕೇಸಿನಲ್ಲಿ 2022ರ ಡಿಸೆಂಬರ್‌ನಲ್ಲಿ ಅದೇ ಕೋರ್ಟ್ ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ, ಕಂಪನಿಗಳನ್ನೆಲ್ಲ ಕರೆದು ಅಂಗವೈಕಲ್ಯ ಇರುವವರಿಗೂ ಪಾಲಿಸಿ ತನ್ನಿ ಅಂದಿತು. 2023ರ ಫೆಬ್ರವರಿಯಲ್ಲಿ ಪ್ರಾಧಿಕಾರ ಮಾದರಿ ಪಾಲಿಸಿ ಕೊಟ್ಟು, ಆರೋಗ್ಯ ವಿಮೆ ಮಾರುವ ಕಂಪನಿಗಳು ಇದನ್ನು ಇಡಲೇಬೇಕು ಅಂತ ಸುತ್ತೋಲೆ ಹೊರಡಿಸಿತು. ಒಬ್ಬರ ಕೇಸು ಲಕ್ಷಾಂತರ ಜನರ ಬಾಗಿಲು ತೆರೆಯಿತು. ಬಾಗಿಲ ಹಿಂದೆ ಪ್ರೀಮಿಯಂ ಎಷ್ಟು, ಕಾಯುವ ಅವಧಿ ಎಷ್ಟು ಅನ್ನುವ ಜಗಳ ಬೇರೆ ಇದೆ, ಅದು ಇನ್ನೂ ಮುಗಿದಿಲ್ಲ.

ಸರಿ, ತೊಂದರೆ ಆಯಿತು, ಎಲ್ಲಿಗೆ ಹೋಗಬೇಕು? ಎಲ್ಲರೂ ನೇರ ಹೈಕೋರ್ಟ್ ಅನ್ನುತ್ತಾರೆ. ಬೇಡ. ಮೊದಲು ಆಸ್ಪತ್ರೆಗೇ ಒಂದು ಕಾಗದ. ಆಮೇಲೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರು. ಅವರಿಗೆ ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಸಿವಿಲ್ ಕೋರ್ಟಿನಂಥ ಅಧಿಕಾರ ಇದೆ. ಅವರು ಕೊಡುವುದು ಶಿಫಾರಸು. ಅದರ ಮೇಲೆ ಏನು ಮಾಡಿದಿರಿ ಅಂತ ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳಲ್ಲಿ ತಿಳಿಸಬೇಕು. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ಲೋಪ ಆಗಿದ್ದರೆ ಗ್ರಾಹಕರ ಆಯೋಗ. ವಿಮೆ ತಿರಸ್ಕಾರ ಆಗಿದ್ದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳುವ ಅಧಿಕಾರಿ. ಅಲ್ಲಿ ತಮಾಷೆ ನೋಡಿ, ವಕೀಲರಿಗೆ ಪ್ರವೇಶ ಇಲ್ಲ, ಪಾಲಿಸಿದಾರರೇ ಮಾತಾಡಬೇಕು. ನಾವು ಹಿಂದಿನ ದಿನ ಕೂತು ಏನು ಹೇಳಬೇಕು ಅಂತ ಸಿದ್ಧ ಮಾಡಿ ಕಳಿಸುತ್ತೇವೆ, ಮದುವೆಗೆ ಮುಂಚೆ ಹುಡುಗಿಯ ಸೋದರಮಾವ ಓಡಾಡುವ ಹಾಗೆ. ಇವೆಲ್ಲ ಆಗದಿದ್ದರೆ, ಅಥವಾ ನಿಯಮವೇ ತಪ್ಪಿದ್ದರೆ, ಆಗ ಹೈಕೋರ್ಟಿಗೆ ರಿಟ್ ಅರ್ಜಿ.

ನಿಯಮವೇ ತಪ್ಪು ಅನ್ನುವುದಕ್ಕೆ ಒಂದು ಉದಾಹರಣೆ ಕೊಡಲೇಬೇಕು. ಅಂಗವೈಕಲ್ಯ ಇರುವವರಿಗೆ ರೋಗಿಯಾಗಿ ಬಾಗಿಲು ಸಿಗುವುದೇ ಕಷ್ಟ, ಇನ್ನು ಡಾಕ್ಟರಾಗಿ? ಎಂಬಿಬಿಎಸ್ ಸೇರಲು 'ಎರಡೂ ಕೈ ಸರಿಯಾಗಿರಬೇಕು' ಅಂತ ಮಾರ್ಗಸೂಚಿ ಇತ್ತು. ಕೈ ಹೇಗಿದೆ ಅಂತಲ್ಲ, ಕೆಲಸ ಮಾಡಬಲ್ಲರೋ ಇಲ್ಲವೋ ಅಂತ ನೋಡಿ ಅಂದಿತು ಸುಪ್ರೀಂ ಕೋರ್ಟ್, 2025ರ ಫೆಬ್ರವರಿಯಲ್ಲಿ. ಇಂಥ ಕೇಸುಗಳ ಹಿಂದೆ ದೆಹಲಿಯ ಡಾ. ಸತೇಂದ್ರ ಸಿಂಗ್ ಅವರಂಥ, ಸ್ವತಃ ಪೋಲಿಯೋದಿಂದ ಅಂಗವೈಕಲ್ಯ ಇರುವ ವೈದ್ಯರ ವರ್ಷಗಳ ಶ್ರಮ ಇದೆ. ರ‍್ಯಾಂಪಿನ ನಿಯಮದ್ದೂ ಇದೇ ಕಥೆ. ರಾಜೀವ್ ರತೂರಿ ಅವರ ಕೇಸಿನಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಬರೀ 'ಹೀಗೆ ಮಾಡಿದರೆ ಒಳ್ಳೆಯದು' ಅನ್ನುವ ಸಲಹೆಗಳಿಂದ ಪ್ರಯೋಜನವಿಲ್ಲ, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ನನ್ನ ಟೇಪಿಗೆ ಅಂದಿನಿಂದ ಬೆಲೆ ಜಾಸ್ತಿ.

ಈ ದಾರಿ ಹಿಡಿಯುವುದು ಹೇಗೆ? ಪಿಯುಸಿ ಆದಮೇಲೆ ಐದು ವರ್ಷ, ಇಲ್ಲವೇ ಡಿಗ್ರಿ ಆದಮೇಲೆ ಮೂರು ವರ್ಷ ಕಾನೂನು ಓದಬೇಕು. ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ ಸನ್ನದು ಪಡೆಯಬೇಕು, ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಸನ್ನದಿಗೆ ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಂದ 125 ರೂಪಾಯಿಗಿಂತ ಜಾಸ್ತಿ ಕೇಳುವಂತಿಲ್ಲ ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ವಿಷಯಕ್ಕೇ ಬೇರೆ ಡಿಗ್ರಿ ಬೇಕಿಲ್ಲ. ಮೊದಲ ಮೂರು ನಾಲ್ಕು ವರ್ಷ ಯಾವುದಾದರೂ ಸೀನಿಯರ್ ಹತ್ತಿರ ಸಾಮಾನ್ಯ ಸಿವಿಲ್ ಕೆಲಸ ಕಲಿಯಿರಿ ಅಂತ ನಾನು ಹೇಳುತ್ತೇನೆ. ನೋಟಿಸ್ ಬರೆಯಲು ಬಾರದವರು ಹಕ್ಕಿನ ಬಗ್ಗೆ ಭಾಷಣ ಮಾಡಿ ಪ್ರಯೋಜನವಿಲ್ಲ.

ಹೊಟ್ಟೆಪಾಡಿನ ಬಗ್ಗೆ ಸುಳ್ಳು ಹೇಳಬಾರದು. ಇದೊಂದನ್ನೇ ನಂಬಿ ಬಾಡಿಗೆ ಕಟ್ಟುವ ವಕೀಲರು ಬಹಳ ಕಮ್ಮಿ. ಹೆಚ್ಚಿನವರು ವಿಮೆ, ಗ್ರಾಹಕ, ನೌಕರಿ ಪ್ರಕರಣಗಳ ಜೊತೆ ಇದನ್ನು ಮಾಡುತ್ತಾರೆ. ಕೆಲವರು ಸಂಸ್ಥೆಗಳಲ್ಲಿ ಸಂಬಳಕ್ಕೆ ಇರುತ್ತಾರೆ. ಬೆಂಗಳೂರಿನ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್ ಅಂಥದ್ದೊಂದು. ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಲ್ಲಿ ಸೇರಿದರೆ ಶುಲ್ಕ ಸಣ್ಣದು, ಕೇಸು ಬೇಕಾದಷ್ಟು. ಯಾಕೆಂದರೆ ಅಂಗವೈಕಲ್ಯ ಇರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. 15100ಕ್ಕೆ ಫೋನ್ ಮಾಡಿದರೆ ಸಾಕು. ಹಳ್ಳಿಯ ಕಡೆ ಕೇಸು ಬರುವುದು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಮೂಲಕ. ಅವರ ನಂಬರ್ ಇಟ್ಟುಕೊಳ್ಳದ ವಕೀಲರಿಗೆ ಈ ಕ್ಷೇತ್ರದಲ್ಲಿ ಏನೂ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಈ ಕೆಲಸ ಅಂಗವೈಕಲ್ಯ ಇರುವವರ ಪರ ಮಾತ್ರವಲ್ಲ, ಅವರೇ ಮಾಡುವ ಕೆಲಸವೂ ಹೌದು. ಬೆಂಗಳೂರಿನ ವಕೀಲೆ ಸಾರಾ ಸನ್ನಿ ಅವರಿಗೆ ಕಿವಿ ಕೇಳಿಸುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಸನ್ನೆ ಭಾಷೆಯ ಅನುವಾದಕರ ಮೂಲಕ ಸುಪ್ರೀಂ ಕೋರ್ಟಿನ ಕಲಾಪದಲ್ಲಿ ಭಾಗವಹಿಸಿದರು. 2024ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ವಾದವನ್ನೇ ಮಾಡಿದರು. ಕೈಗಳು ಆಡುತ್ತಿದ್ದವು, ಅನುವಾದಕರು ದನಿ ಕೊಡುತ್ತಿದ್ದರು, ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಕೇಳುತ್ತಿದ್ದರು. ಕೋರ್ಟಿನಲ್ಲಿ ಇದು ಆಗುತ್ತದೆ ಅಂದಮೇಲೆ ಒಪಿಡಿಯಲ್ಲಿ ಯಾಕಾಗಲ್ಲ ಅಂತ ಆಮೇಲೆ ಎಷ್ಟೋ ಕಾಗದಗಳಲ್ಲಿ ಬರೆದಿದ್ದೇನೆ.

ಹಾಂ, ತೂಕದ ಯಂತ್ರ. ಆ ಮಹಿಳೆಗೆ ಕೇಸು ಬೇಕಿರಲಿಲ್ಲ, ಪರಿಹಾರದ ದುಡ್ಡೂ ಬೇಕಿರಲಿಲ್ಲ. "ನನ್ನ ತೂಕ ಎಷ್ಟು ಅಂತ ಗೊತ್ತಾದ್ರೆ ಸಾಕು" ಅಂದರು. ಎರಡು ಪುಟದ ಕಾಗದ ಬರೆದೆ. ಸೆಕ್ಷನ್ 25, ತಕ್ಕ ಅನುಕೂಲ, ಎಂಟು ವರ್ಷದ ಚೀಟಿಗಳ ಜೆರಾಕ್ಸ್, ಕೊನೆಗೆ ಮೂಟೆ ತೂಗುವ ಯಂತ್ರದ ಒಂದು ಫೋಟೊ. ಸೀನಿಯರ್ ಆ ಫೋಟೊ ಬೇಡ, ಉಡಾಫೆ ಅನಿಸುತ್ತದೆ ಅಂದರು. ನಾನು ಇಟ್ಟೆ. ಒಂದು ತಿಂಗಳಾದ ಮೇಲೆ ವಾಟ್ಸಾಪಿನಲ್ಲಿ ಚಿತ್ರ ಬಂತು: ನೆಲಕ್ಕೆ ಅಂಟಿಕೊಂಡಂಥ ಹೊಸ ಯಂತ್ರ, ಅದರ ಮೇಲೆ ಗಾಲಿಕುರ್ಚಿ, ಕೆಂಪು ಅಂಕಿ.

ಈ ಲೇಖನದಲ್ಲಿ ನಿಮ್ಮ ವಿಷಯ ಬರೆಯಲಾ ಅಂತ ಅವರನ್ನು ಕೇಳಿದೆ. "ಎಲ್ಲಾ ಬರೀರಿ" ಅಂದರು. "ಆ ನಂಬರ್ ಒಂದು ಬಿಟ್ಟು." ಅರವತ್ತಂತೂ ಅಲ್ಲ. ಇಷ್ಟು ಹೇಳಲು ಒಪ್ಪಿಗೆ ಕೊಟ್ಟಿದ್ದಾರೆ.